ಪದವಿ ಕಾಲೇಜು ಉಪನ್ಯಾಸಕರ ವೃತ್ತಿತೃಪ್ತಿ ಸಮೀಕ್ಷೆ (ದಾವಣಗೆರೆ, ಚಿತ್ರದುರ್ಗ): 112 ಫಾರಂ ಬಂದಿವೆ, ಆಲ್ಫಾ 0.41. ಎಲ್ಲಿ ತಪ್ಪಿದೆ?

ಶೋಧಾರ್ಥಿ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಎರಡೂ ಜಿಲ್ಲೆಗಳ ಪದವಿ ಕಾಲೇಜು ಉಪನ್ಯಾಸಕರ ವೃತ್ತಿತೃಪ್ತಿ ಬಗ್ಗೆ ಸಮೀಕ್ಷೆ. ಸರ್ಕಾರಿ, ಅನುದಾನಿತ, ಖಾಸಗಿ ಮೂರೂ ಬಗೆಯ ಕಾಲೇಜುಗಳಿವೆ. ಪಟ್ಟಿಯಲ್ಲಿ ಸುಮಾರು 900 ಹೆಸರು. ಸ್ಪೆಕ್ಟರ್ ಅವರ 36 ಹೇಳಿಕೆಗಳ ವೃತ್ತಿತೃಪ್ತಿ ಮಾಪನವನ್ನು (1985; ಬಡ್ತಿ, ಮೇಲ್ವಿಚಾರಣೆ, ಸವಲತ್ತು ಹೀಗೆ ಒಂಬತ್ತು ವಿಭಾಗ) ಕನ್ನಡಕ್ಕೆ ತಂದು ಬಳಸಿದ್ದೇನೆ. ಜೊತೆಗೆ ಲಿಂಗ, ವಯಸ್ಸು, ವಿದ್ಯಾರ್ಹತೆ, ಅನುಭವ, ಕಾಲೇಜಿನ ಬಗೆ, ಹುದ್ದೆ, ಹೀಗೆ ಆರು ವಿವರ ಕೇಳಿದ್ದೇನೆ.

ಫಾರಂಗಳನ್ನು ಪ್ರಾಂಶುಪಾಲರ ಮೂಲಕ ಹಂಚಿಸಿದೆ. ಈವರೆಗೆ 112 ವಾಪಸ್ ಬಂದಿವೆ. ಬಹಳ ಜನ ಮೇಲಿನಿಂದ ಕೆಳಗೆ ಒಂದೇ ಕಾಲಂನಲ್ಲಿ ಟಿಕ್ ಹಾಕಿದ್ದಾರೆ. ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ) 0.41 ಮಾತ್ರ ಬರುತ್ತಿದೆ. ಒಟ್ಟು ಅಂಕದ ಸರಾಸರಿ ‘ಇತ್ತಲೂ ಇಲ್ಲ, ಅತ್ತಲೂ ಇಲ್ಲ’ ಅನ್ನುವ ಮಟ್ಟದಲ್ಲಿದೆ. ನನ್ನ ಪ್ರಶ್ನೆಗಳು: ಮಾದರಿ 384 ಇರಲೇಬೇಕೇ? ಆರು ವಿವರಗಳಿಗೂ ಬೇರೆಬೇರೆಯಾಗಿ ಟಿ-ಟೆಸ್ಟ್, ಅನೋವಾ (ಗುಂಪುಗಳ ಸರಾಸರಿ ಹೋಲಿಸುವ ಪರೀಕ್ಷೆಗಳು) ಮಾಡಿದರೆ ಸಾಕೇ? ಆಲ್ಫಾ ಸರಿಪಡಿಸಲು ಕೆಲವು ಹೇಳಿಕೆಗಳನ್ನು ತೆಗೆದುಹಾಕಬಹುದೇ?

ಅಂಕಿಸಂಖ್ಯೆ_ಹರಿಹರ

ಹೇಳಿಕೆ ತೆಗೆಯುವುದು ಆಮೇಲೆ. ಮೊದಲು ಆಲ್ಫಾ ಯಾಕೆ ಬಿದ್ದಿದೆ ಅಂತ ನೋಡಿ. ಆ ಮಾಪನದ 36 ಹೇಳಿಕೆಗಳಲ್ಲಿ 19 ಉಲ್ಟಾ ಹೇಳಿಕೆಗಳು, ಅಂದರೆ ಒಪ್ಪಿದರೆ ಅತೃಪ್ತಿ ಎಂದರ್ಥ. ಅವುಗಳ ಅಂಕವನ್ನು ತಿರುಗಿಸಬೇಕು. ಆರು ಹಂತದ ಮಾಪನವಾದ್ದರಿಂದ ಹೊಸ ಅಂಕ ಅಂದರೆ 7ರಲ್ಲಿ ಹಳೆಯದನ್ನು ಕಳೆದದ್ದು: 6 ಇದ್ದದ್ದು 1 ಆಗುತ್ತದೆ, 2 ಇದ್ದದ್ದು 5 ಆಗುತ್ತದೆ. ಇದನ್ನು ಮರೆತರೆ ಆಲ್ಫಾ ಬೀಳುತ್ತದೆ. ತಿರುಗಿಸಿದ ಮೇಲೂ 0.41 ಇದ್ದರೆ ಕಾರಣ ಒಂದೇ ಕಾಲಂನ ಟಿಕ್‌ಗಳು ಇರಬಹುದು. ತಪ್ಪು ಹೇಳಿಕೆಗಳಲ್ಲೇ ಇದೆಯೇ ಅಂತ ತಿಳಿಯಲು ನೇರ ಹೇಳಿಕೆಗಳು 17ಕ್ಕೆ ಒಂದು ಆಲ್ಫಾ, ಉಲ್ಟಾ ಹೇಳಿಕೆಗಳು 19ಕ್ಕೆ ಇನ್ನೊಂದು ಆಲ್ಫಾ ತೆಗೆಯಿರಿ. ಎರಡೂ ಚೆನ್ನಾಗಿದ್ದು, ಕೂಡಿಸಿದಾಗ ಮಾತ್ರ ಬಿದ್ದರೆ, ತಪ್ಪಿರುವುದು ಅಂಕ ತಿರುಗಿಸಿದ ಕಡೆ ಅಥವಾ ಫಾರಂ ತುಂಬಿದ ಕಡೆ, ಹೇಳಿಕೆಗಳಲ್ಲಿ ಅಲ್ಲ.

ನಿಮ್ಮ ಸರಾಸರಿ ನಡುವಿನ ಮಟ್ಟದಲ್ಲಿ ನಿಂತದ್ದಕ್ಕೂ ಇದೇ ಕಾರಣ ಇರಬಹುದು. ಒಬ್ಬರು ಎಲ್ಲದಕ್ಕೂ 5 ಅಂತ ಹಾಕಿದರು ಅನ್ನೋಣ. ತಿರುಗಿಸಿದ ಮೇಲೆ 17×5 + 19×2 = 123. ಎಲ್ಲದಕ್ಕೂ 6 ಹಾಕಿದರೆ 121, ಎಲ್ಲದಕ್ಕೂ 1 ಹಾಕಿದರೆ 131. ಅಂದರೆ ಕಣ್ಣುಮುಚ್ಚಿ ಯಾವ ಕಾಲಂ ಹಿಡಿದರೂ ಒಟ್ಟು 121 ಮತ್ತು 131ರ ನಡುವೆಯೇ ಬೀಳುತ್ತದೆ. ಈ ಮಾಪನದಲ್ಲಿ 108ರ ತನಕ ಅತೃಪ್ತಿ, 108ರಿಂದ 144 ನಡುವಿನ ಸ್ಥಿತಿ, 144ರ ಮೇಲೆ ತೃಪ್ತಿ ಎಂದು ಓದುವ ರೂಢಿ. ಹಾಗಾಗಿ ಓದದೇ ತುಂಬಿದ ಪ್ರತಿ ಫಾರಂ ನಿಮ್ಮ ಫಲಿತಾಂಶವನ್ನು ನಡುಮಧ್ಯಕ್ಕೆ ಎಳೆಯುತ್ತದೆ. ತಿರುಗಿಸುವ ಮೊದಲಿನ ಕಚ್ಚಾ ಅಂಕಗಳಲ್ಲಿ ಪ್ರತಿಯೊಬ್ಬರ 36 ಉತ್ತರಗಳ ಮಾನಕ ವಿಚಲನೆ (ಉತ್ತರಗಳು ಎಷ್ಟು ಹರಡಿವೆ ಅನ್ನುವ ಅಳತೆ) ನೋಡಿ. ಸೊನ್ನೆ ಇದ್ದವರನ್ನು ಬೇರೆ ಇಡಿ. ಸೊನ್ನೆಯ ಹತ್ತಿರ ಇರುವ ಫಾರಂಗಳನ್ನು ಒಂದೊಂದಾಗಿ ಕಣ್ಣಾರೆ ನೋಡಿ. ಎಷ್ಟನ್ನು, ಯಾವ ನಿಯಮದ ಮೇಲೆ ಕೈಬಿಟ್ಟಿರಿ ಅನ್ನುವುದು ಪ್ರಬಂಧದಲ್ಲಿ ಬರಲಿ.

ಮಾದರಿಯ ಗಾತ್ರ: 384 ಅನ್ನುವುದು ದೊಡ್ಡ ಜನಸಂಖ್ಯೆಗೆ. 900 ಜನರ ಪಟ್ಟಿಗೆ 384 ÷ (1 + 383/900), ಅಂದರೆ 270. ಆದರೆ ಇದು ಒಬ್ಬೊಬ್ಬರನ್ನು ಚೀಟಿ ಎತ್ತಿ ಆರಿಸಿದಾಗಿನ ಲೆಕ್ಕ. ನೀವು ಕಾಲೇಜು ಆರಿಸಿ, ಅಲ್ಲಿನವರಿಗೆ ಫಾರಂ ಕೊಡುತ್ತೀರಿ. ಒಂದೇ ಸ್ಟಾಫ್ ರೂಮಿನಲ್ಲಿ ಕೂತವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಪ್ರಾಂಶುಪಾಲರು ಒಬ್ಬರೇ, ವೇಳಾಪಟ್ಟಿ ಒಂದೇ, ಶೌಚಾಲಯದ ಸ್ಥಿತಿಯೂ ಒಂದೇ. ಒಂದು ಕಾಲೇಜಿನಿಂದ 9 ಜನ, ಹೋಲಿಕೆಯ ಗುಣಾಂಕ 0.05 ಅಂತ ಹಿಡಿದರೆ 1 + 8×0.05 = 1.4. 270×1.4 = 378 ತುಂಬಿದ ಫಾರಂ ಬೇಕು. ನೂರಕ್ಕೆ 70 ವಾಪಸ್ ಬರುತ್ತವೆ ಅಂದರೆ 540 ಹಂಚಬೇಕು.

ಕೋಟೆನಾಡು_ವಾಣಿಜ್ಯ

ಮೇಲಿನ ಲೆಕ್ಕಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಈ ಸಮೀಕ್ಷೆಯ ಜೀವ ಇರುವುದು ಬೇರೆ ಕಡೆ. ಆರು ವಿವರಗಳನ್ನೂ ಒಂದೇ ತೂಕದಲ್ಲಿ ಇಟ್ಟಿದ್ದೀರಿ. ನಮ್ಮ ಕಾಲೇಜುಗಳಲ್ಲಿ ಹುದ್ದೆಯ ಸ್ವರೂಪ ಉಳಿದ ಐದನ್ನೂ ನುಂಗಿಬಿಡುತ್ತದೆ. ಅದನ್ನು ‘ಖಾಯಂ, ತಾತ್ಕಾಲಿಕ’ ಅಂತ ಎರಡೇ ಮನೆ ಮಾಡಿದ್ದರೆ ಸಾಲದು. ಕನಿಷ್ಠ ಐದು ಮನೆ ಮಾಡಿ: ಸರ್ಕಾರಿ ಖಾಯಂ, ಸರ್ಕಾರಿ ಕಾಲೇಜಿನ ಅತಿಥಿ ಉಪನ್ಯಾಸಕರು (ಗೌರವಧನದ ಮೇಲೆ ತಾತ್ಕಾಲಿಕವಾಗಿ ದುಡಿಯುವವರು), ಅನುದಾನಿತ ಕಾಲೇಜಿನಲ್ಲಿ ಸರ್ಕಾರದ ಸಂಬಳ ಪಡೆಯುವವರು, ಅದೇ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸಂಬಳ ಪಡೆಯುವವರು, ಅನುದಾನರಹಿತ ಕಾಲೇಜಿನವರು. ಮೂರನೆಯವರೂ ನಾಲ್ಕನೆಯವರೂ ಒಂದೇ ಮೇಜಿನಲ್ಲಿ ಕೂತು ಒಂದೇ ಪಾಠ ಮಾಡುತ್ತಾರೆ. ಫಾರಂನಲ್ಲಿ ಇಬ್ಬರೂ ‘ಅನುದಾನಿತ’ ಅಂತ ಟಿಕ್ ಹಾಕಿದರೆ ಇಬ್ಬರ ಅಂಕ ಬೆರೆತು ಯಾರದ್ದೂ ಅಲ್ಲದ ಸರಾಸರಿ ಬರುತ್ತದೆ.

ಅಂತರ ಎಷ್ಟು ಅಂತ ನೋಡಿ. ಯುಜಿಸಿ 7ನೇ ವೇತನದಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700 ರೂಪಾಯಿ, ವಾರಕ್ಕೆ 16 ಗಂಟೆ ಬೋಧನೆ. 2022ರ ಜನವರಿಯಲ್ಲಿ ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ನಿಗದಿಯಾದ ಗೌರವಧನ ನಾಲ್ಕು ಹಂತದ್ದು: ಯುಜಿಸಿ ಅರ್ಹತೆ ಇದ್ದು 5 ವರ್ಷ ಮೀರಿದವರಿಗೆ 32,000, ಅರ್ಹತೆ ಇದ್ದು 5 ವರ್ಷದೊಳಗಿನವರಿಗೆ 30,000, ಅರ್ಹತೆ ಇಲ್ಲದವರಿಗೆ ಕ್ರಮವಾಗಿ 28,000 ಮತ್ತು 26,000. ಕಾರ್ಯಭಾರ ವಾರಕ್ಕೆ 15 ಗಂಟೆ. ಆಮೇಲೆ ಮತ್ತೆ ಏರಿಸಿದ್ದಾರೆ. ಈ ನಾಲ್ಕು ಹಂತ ನಿಮಗೆ ಯಾಕೆ ಮುಖ್ಯ ಅಂದರೆ, ಅತಿಥಿಗಳಲ್ಲಿ ವಿದ್ಯಾರ್ಹತೆ, ಅನುಭವ, ಸಂಬಳ ಮೂರೂ ಆದೇಶದಲ್ಲೇ ಒಂದಕ್ಕೊಂದು ಗಂಟು ಬಿದ್ದಿವೆ. ‘ನೆಟ್, ಪಿಎಚ್‌ಡಿ ಆದವರಿಗೆ ತೃಪ್ತಿ ಹೆಚ್ಚು’ ಅಂತ ನಿಮ್ಮ ಟಿ-ಟೆಸ್ಟ್ ಹೇಳಿದರೆ ಅದು ಓದಿನ ಫಲವೋ ನಾಲ್ಕು ಸಾವಿರ ರೂಪಾಯಿಯ ಫಲವೋ ಬಿಡಿಸಲಾಗುವುದಿಲ್ಲ.

ಖಾಯಂ ಇರುವವರಲ್ಲೂ ಪಿಎಚ್‌ಡಿಗೆ ಬೇರೆ ಗಂಟಿದೆ. ಯುಜಿಸಿ 2018ರ ನಿಯಮದಲ್ಲಿ ವೇತನದ 10ನೇ ಲೆವೆಲ್‌ನಿಂದ 11ಕ್ಕೆ ಪಿಎಚ್‌ಡಿ ಇದ್ದರೆ 4 ವರ್ಷ, ಎಂಫಿಲ್‌ಗೆ 5, ಎರಡೂ ಇಲ್ಲದಿದ್ದರೆ 6. ಸಹ ಪ್ರಾಧ್ಯಾಪಕರಾಗಲು ಪಿಎಚ್‌ಡಿ ಬೇಕೇಬೇಕು. ಹಾಗಾಗಿ ‘ಬಡ್ತಿ’ ವಿಭಾಗದ ಅಂಕ ಕಡಿಮೆ ಇದ್ದರೆ ಮೊದಲು ಅವರಿಗೆ ಪಿಎಚ್‌ಡಿ ಇದೆಯೇ, ಸ್ಥಾನೀಕರಣ (ಮೇಲಿನ ವೇತನ ಹಂತಕ್ಕೆ ಏರಿಸುವುದು) ಆಗಿದೆಯೇ, ಆಗಿದ್ದರೆ ಬಾಕಿ ಹಣ ಕೈಸೇರಿದೆಯೇ ಅಂತ ತಿಳಿದಿರಬೇಕು. ಈ ಮೂರು ಸಣ್ಣ ಪ್ರಶ್ನೆ ಸೇರಿಸಿ.

ವಯಸ್ಸಿನದ್ದೂ ಇದೇ ಕಥೆ. ರಾಜ್ಯ ಸರ್ಕಾರಿ ಸೇವೆಗೆ 1-4-2006ರಂದು ಅಥವಾ ಆಮೇಲೆ ಸೇರಿದವರು ಸಾಮಾನ್ಯವಾಗಿ ಹೊಸ ಪಿಂಚಣಿಯಾದ ಎನ್‌ಪಿಎಸ್, ಅದಕ್ಕೂ ಮೊದಲಿನವರು ಹಳೆ ಪಿಂಚಣಿ. ಸೇವೆಗೆ ಸೇರಿದ ದಿನಾಂಕ ಈ ಗೆರೆಯ ಆಚೆಯೋ ಈಚೆಯೋ ಅಂತ ಕೇಳದೆ ‘50 ದಾಟಿದವರು ಹೆಚ್ಚು ತೃಪ್ತರು’ ಅಂತ ಬರೆದರೆ, ಪಿಂಚಣಿಯ ನೆಮ್ಮದಿಯನ್ನು ವಯಸ್ಸಿನ ಲೆಕ್ಕಕ್ಕೆ ಬರೆದಂತೆ.

ಲಿಂಗದ ವಿಷಯದಲ್ಲಿ ಪ್ರಯಾಣದ ಸಮಯ ಕೇಳಲೇಬೇಕು. ದಾವಣಗೆರೆಯಲ್ಲಿ ಮನೆ, ಜಗಳೂರಿನಲ್ಲೋ ಚನ್ನಗಿರಿಯಲ್ಲೋ ಕೆಲಸ. ಚಿತ್ರದುರ್ಗದಲ್ಲಿ ಮನೆ, ಮೊಳಕಾಲ್ಮೂರಿನಲ್ಲಿ ಕೆಲಸ. ಹೆದ್ದಾರಿ 48ರ ಮೇಲಿರುವ ಹಿರಿಯೂರಿಗೆ ಬಸ್ಸಿನ ಕೊರತೆ ಇಲ್ಲ, ಒಳಗಿನ ಊರುಗಳಿಗೆ ಸಂಜೆಯ ಬಸ್ಸೇ ದಿನದ ವೇಳಾಪಟ್ಟಿಯನ್ನು ಗೊತ್ತುಮಾಡುತ್ತದೆ. ಮನೆಯ ಬಾಗಿಲಿನಿಂದ ಕಾಲೇಜಿನ ಗೇಟಿಗೆ ಒಂದು ಕಡೆಗೆ ಎಷ್ಟು ನಿಮಿಷ ಅಂತ ಕೇಳಿ. ಕಿಲೋಮೀಟರ್ ಕೇಳಬೇಡಿ, ಅದು ಏನನ್ನೂ ಹೇಳುವುದಿಲ್ಲ. ಹೆಣ್ಣು ಗಂಡಿನ ನಡುವೆ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಈ ನಿಮಿಷಗಳದ್ದು ಅನ್ನುವುದು ಆಗ ಗೊತ್ತಾಗುತ್ತದೆ.

ಇನ್ನೊಂದು. ನಿಮ್ಮ ಪಟ್ಟಿ ಹಳೆಯದಾದರೆ ಹರಪನಹಳ್ಳಿ ಇನ್ನೂ ದಾವಣಗೆರೆ ಜಿಲ್ಲೆಯಲ್ಲೇ ಕೂತಿರುತ್ತದೆ. ಅದು 2018ರಲ್ಲಿ ಬಳ್ಳಾರಿಗೆ ಹೋಗಿ, ಈಗ ವಿಜಯನಗರದಲ್ಲಿದೆ. ನ್ಯಾಮತಿ ಸೇರಿ ದಾವಣಗೆರೆಗೆ ಆರು ತಾಲ್ಲೂಕು, ಚಿತ್ರದುರ್ಗಕ್ಕೆ ಆರು. ಹನ್ನೆರಡಕ್ಕೂ ಕಾಲೇಜು ಬಂದಿದೆಯೇ ನೋಡಿಕೊಳ್ಳಿ.

ಅಂಕಿಸಂಖ್ಯೆ_ಹರಿಹರ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಅದು ಸಂಖ್ಯೆಯಲ್ಲಿ ಹೇಗೆ ಕಾಣುತ್ತದೆ ಅಂತ ಒಂದು ಉದಾಹರಣೆ, ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ಪಟ್ಟಿಯಲ್ಲಿ ಅತಿಥಿಗಳು ನೂರಕ್ಕೆ 60, ಬಂದ ಫಾರಂಗಳಲ್ಲಿ ನೂರಕ್ಕೆ 30 ಮಾತ್ರ. ಖಾಯಂನವರ ಸರಾಸರಿ 165, ಅತಿಥಿಗಳದ್ದು 105. ಬಂದ ಫಾರಂಗಳನ್ನು ಹಾಗೇ ಕೂಡಿಸಿದರೆ 0.7×165 + 0.3×105 = 147, ‘ಉಪನ್ಯಾಸಕರು ತೃಪ್ತರು’. ಪಟ್ಟಿಯ ಪ್ರಮಾಣದಲ್ಲಿ ತೂಗಿದರೆ 0.4×165 + 0.6×105 = 129, ನಡುವಿನ ಸ್ಥಿತಿ. ಎರಡಕ್ಕಿಂತಲೂ ಮುಖ್ಯವಾದದ್ದು 165 ಮತ್ತು 105. ಒಟ್ಟು ಸರಾಸರಿಯನ್ನು ಶೀರ್ಷಿಕೆ ಮಾಡಬೇಡಿ, ಐದು ಮನೆಗಳ ಸರಾಸರಿಗಳನ್ನು ಪಕ್ಕಪಕ್ಕ ಇಡಿ. ಪ್ರತಿ ಮನೆಯಲ್ಲಿ 50 ಜನ ಸಿಗುವಂತೆ ನೋಡಿಕೊಂಡು, ಆಮೇಲೆ ತೂಕ ಹಾಕಿ.

ಆರು ವಿವರ, ಒಂಬತ್ತು ವಿಭಾಗ ಅಂದರೆ 54 ಪರೀಕ್ಷೆ. ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ 0.05 ಮಟ್ಟದಲ್ಲಿ ಎರಡು ಮೂರು ‘ಮಹತ್ವದ್ದು’ ಅಂತ ತಾವೇ ಎದ್ದು ನಿಲ್ಲುತ್ತವೆ. ಬದಲಿಗೆ ಎಲ್ಲ ವಿವರಗಳನ್ನೂ ಒಟ್ಟಿಗೆ ಇಟ್ಟು ತೂಗುವ ರಿಗ್ರೆಶನ್ ಮಾಡಿ. ಮೊದಲ ಹಂತದಲ್ಲಿ ಹುದ್ದೆಯ ಸ್ವರೂಪ, ಎರಡನೆಯದರಲ್ಲಿ ಪ್ರಯಾಣದ ನಿಮಿಷ ಮತ್ತು ವಾರದ ಬೋಧನಾ ಗಂಟೆ, ಕೊನೆಗೆ ಲಿಂಗ, ವಯಸ್ಸು, ವಿದ್ಯಾರ್ಹತೆ. ಕೊನೆಯ ಹಂತ ಎಷ್ಟು ಸೇರಿಸಿತು ಅನ್ನುವುದೇ ನಿಮ್ಮ ಉತ್ತರ.

ಪದಕೋಶ_ಚನ್ನಗಿರಿ

ಅನುವಾದದ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ಆಲ್ಫಾ ಬೀಳಲು ಅದೂ ಕಾರಣ ಆಗುತ್ತದೆ. ಉಲ್ಟಾ ಹೇಳಿಕೆಯನ್ನು ‘ನನಗೆ ಬಡ್ತಿಯ ಅವಕಾಶವಿಲ್ಲ’ ಅಂತ ಬರೆದು, ಎದುರಿಗೆ ‘ಒಪ್ಪುವುದಿಲ್ಲ’ ಅಂತ ಮನೆ ಇಟ್ಟರೆ ಇಲ್ಲ ಮೇಲೆ ಇಲ್ಲ. ಓದುವವರು ಅರ್ಧ ಕ್ಷಣ ನಿಂತು, ತಪ್ಪು ಮನೆಗೆ ಟಿಕ್ ಹಾಕುತ್ತಾರೆ. ‘ಬಡ್ತಿಯ ಅವಕಾಶ ತೀರಾ ಕಡಿಮೆ’ ಅಂತ ಬರೆಯಿರಿ. ಅರ್ಥ ಉಲ್ಟಾ ಇರಲಿ, ಕ್ರಿಯಾಪದ ನೇರ ಇರಲಿ. 19 ಹೇಳಿಕೆಗಳಲ್ಲಿ ‘ಇಲ್ಲ’ ‘ಅಲ್ಲ’ ಎಷ್ಟಿವೆ ಎಣಿಸಿ ನೋಡಿ.

ಆರು ಹಂತಕ್ಕೆ: ಸಂಪೂರ್ಣ ಒಪ್ಪುವುದಿಲ್ಲ, ಬಹುಮಟ್ಟಿಗೆ ಒಪ್ಪುವುದಿಲ್ಲ, ಒಪ್ಪದಿರುವುದೇ ತುಸು ಹೆಚ್ಚು, ಒಪ್ಪುವುದೇ ತುಸು ಹೆಚ್ಚು, ಬಹುಮಟ್ಟಿಗೆ ಒಪ್ಪುತ್ತೇನೆ, ಸಂಪೂರ್ಣ ಒಪ್ಪುತ್ತೇನೆ. ‘ಸ್ವಲ್ಪ ಒಪ್ಪುವುದಿಲ್ಲ’ ಅನ್ನುವುದು ಕನ್ನಡದಲ್ಲಿ ಯಾರ ಬಾಯಲ್ಲೂ ಬರುವ ಮಾತಲ್ಲ.

‘ತೃಪ್ತಿ’ ಬದಲು ‘ಸಮಾಧಾನ’ ಹಾಕಿದ್ದರೆ ತೆಗೆಯಿರಿ. ಹತ್ತು ವರ್ಷ ಅತಿಥಿಯಾಗಿ ದುಡಿದವರು ‘ಸಮಾಧಾನ ಮಾಡ್ಕೊಂಡಿದೀನಿ’ ಅಂದರೆ ಅದು ತೃಪ್ತಿಯಲ್ಲ. ‘ಮೇಲಧಿಕಾರಿ’ ಅಂದರೆ ಯಾರು ಅಂತ ಮೇಲೆಯೇ ಹೇಳಿ: ಪ್ರಾಂಶುಪಾಲರೋ, ವಿಭಾಗದ ಮುಖ್ಯಸ್ಥರೋ, ಆಡಳಿತ ಮಂಡಳಿಯ ಕಾರ್ಯದರ್ಶಿಯೋ. ಸಣ್ಣ ಸರ್ಕಾರಿ ಕಾಲೇಜಿನಲ್ಲಿ ಒಂದು ವಿಷಯಕ್ಕೆ ಒಬ್ಬರೇ ಇರುವಾಗ ಮುಖ್ಯಸ್ಥರ ಪ್ರಶ್ನೆಯೇ ಬರುವುದಿಲ್ಲ. ಸವಲತ್ತುಗಳ ನಾಲ್ಕು ಹೇಳಿಕೆಗಳಿಗೆ ಅತಿಥಿಗಳು ಖಾಲಿ ಬಿಡುತ್ತಾರೆ. ಅವರಿಗೆ ಸಿಗದ್ದನ್ನು ಚೆನ್ನಾಗಿದೆಯೇ ಅಂತ ಕೇಳಿದಂತಾಗುತ್ತದೆ. ಆ ಖಾಲಿ ಜಾಗಕ್ಕೆ ಸರಾಸರಿ ತುಂಬಬೇಡಿ. ‘ನನಗೆ ಅನ್ವಯಿಸುವುದಿಲ್ಲ’ ಅನ್ನುವ ಮನೆ ಇಟ್ಟು, ಎಷ್ಟು ಜನ ಅದನ್ನು ಆರಿಸಿದರು ಅನ್ನುವುದನ್ನೇ ವರದಿ ಮಾಡಿ. ಕಾಗದಪತ್ರದ ಹೊರೆಯ ಹೇಳಿಕೆಗೆ ಯುಯುಸಿಎಂಎಸ್ (ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಅಂಕ ನಮೂದು, ನ್ಯಾಕ್ (ಕಾಲೇಜಿನ ಗುಣಮಟ್ಟ ಮಾನ್ಯತೆ) ಕಡತ ಅಂತ ಉದಾಹರಣೆ ಕೊಟ್ಟರೆ ಎಲ್ಲರಿಗೂ ಒಂದೇ ಅರ್ಥವಾಗುತ್ತದೆ.

ಬದಲಾಯಿಸಿದ ಮೇಲೆ, ಮೂಲ ನೋಡದ ಇನ್ನೊಬ್ಬರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ. ನಂತರ 30 ಜನರ ಮೇಲೆ ಪ್ರಯೋಗ. ಆ 30ರಲ್ಲಿ ಅರ್ಧ ಅತಿಥಿಗಳಿರಲಿ.

ಶೋಧಾರ್ಥಿ_ದಾವಣಗೆರೆ

ತುಂಬಾ ಉಪಕಾರವಾಯಿತು. ಅಂಕ ತಿರುಗಿಸಿದ್ದೆ. ನೀವು ಹೇಳಿದಂತೆ ಕಚ್ಚಾ ಅಂಕಗಳನ್ನು ನೋಡಿದಾಗ 112ರಲ್ಲಿ 31 ಫಾರಂಗಳ ವಿಚಲನೆ ಸೊನ್ನೆ. ಉಲ್ಟಾ ಹೇಳಿಕೆಗಳಲ್ಲಿ ‘ಇಲ್ಲ’ 11 ಕಡೆ ಇದೆ. ಉಳಿದ 81 ಫಾರಂಗಳನ್ನು ಹೊಸದಾಗಿ ಬರುವವುಗಳ ಜೊತೆ ಸೇರಿಸಬಹುದೇ? ಇನ್ನು ಮುಂದೆ ಗೂಗಲ್ ಫಾರಂ ಸಾಕೇ?

ಕೋಟೆನಾಡು_ವಾಣಿಜ್ಯ

ಸೇರಿಸಬೇಡಿ ಮೇಡಂ. ಹೇಳಿಕೆಗಳ ಮಾತೇ ಬದಲಾಗುತ್ತಿದೆ, ಹಂಚುವ ದಾರಿಯೂ ಬದಲಾಗಬೇಕು. 81ನ್ನು ಪ್ರಾಯೋಗಿಕ ಹಂತ ಅಂತ ಇಟ್ಟುಕೊಳ್ಳಿ. ಪ್ರಾಂಶುಪಾಲರ ಮೇಜಿನ ಮೇಲೆ ಫಾರಂ ವಾಪಸ್ ಇಡಬೇಕು ಅಂದರೆ ಮುಂದಿನ ವರ್ಷದ ಕಾರ್ಯಭಾರ ಅವರ ಕೈಯಲ್ಲಿರುವ ಅತಿಥಿ ಉಪನ್ಯಾಸಕರು ‘ಮೇಲ್ವಿಚಾರಣೆ’ ವಿಭಾಗಕ್ಕೆ ಇನ್ನೇನು ಬರೆದಾರು? ಅನುಮತಿ ಪತ್ರ ಮಾತ್ರ ಪ್ರಾಂಶುಪಾಲರಿಂದ. ಫಾರಂ ನೀವೇ ಕೊಡಿ, ಅಂಟಿಸಿದ ಲಕೋಟೆಯಲ್ಲಿ ನೀವೇ ವಾಪಸ್ ಪಡೆಯಿರಿ.

ಗೂಗಲ್ ಫಾರಂ ಮಾಡಿದರೆ ಇಮೇಲ್ ಸಂಗ್ರಹ ಆಫ್ ಮಾಡಿ. ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದೇ ಲಿಂಕ್ ಹಾಕಿದರೆ ಯಾರಿಗೆ ಹೋಯಿತು, ಯಾರು ತುಂಬಲಿಲ್ಲ ಅನ್ನುವ ಲೆಕ್ಕವೇ ಸಿಗುವುದಿಲ್ಲ. ಪ್ರತಿ ಮನೆಗೆ ಬೇರೆ ಲಿಂಕ್ ಇಟ್ಟು, ಎಷ್ಟು ಜನರಿಗೆ ಕಳಿಸಿದಿರಿ ಅಂತ ಬರೆದಿಟ್ಟುಕೊಳ್ಳಿ.

ಕಾಲೇಜಿನ ಹೆಸರು, ವಿಷಯ, ಲಿಂಗ, ವಯಸ್ಸು ನಾಲ್ಕನ್ನೂ ಕೇಳಿದರೆ ಹೆಸರು ಬರೆಸಿಕೊಂಡಂತೆಯೇ. ಹೊಳಲ್ಕೆರೆಯಲ್ಲೋ ಹೊನ್ನಾಳಿಯಲ್ಲೋ ಭೌತಶಾಸ್ತ್ರಕ್ಕೆ ಎಷ್ಟು ಜನ ಮಹಿಳೆಯರಿರುತ್ತಾರೆ? ಕಾಲೇಜಿಗೆ ಸಂಕೇತ ಸಂಖ್ಯೆ ಕೊಡಿ, ವಿಷಯವನ್ನು ಕಲೆ, ವಾಣಿಜ್ಯ, ವಿಜ್ಞಾನ ಅಂತ ಮೂರಕ್ಕೆ ಇಳಿಸಿ, ವಯಸ್ಸನ್ನು ಹತ್ತು ವರ್ಷದ ಗುಂಪು ಮಾಡಿ. ಪ್ರಕಟಿಸುವ ಕೋಷ್ಟಕದಲ್ಲಿ 5ಕ್ಕಿಂತ ಕಡಿಮೆ ಜನ ಇರುವ ಮನೆಯನ್ನು ತೋರಿಸಬೇಡಿ. ಜಾತಿ ಪ್ರವರ್ಗದ ಪ್ರಶ್ನೆ ನಿಮ್ಮ ಊಹೆಗೆ ಬೇಕಿಲ್ಲದಿದ್ದರೆ ಕೇಳಲೇಬೇಡಿ.

ಸಮಯವೂ ನೋಡಿ. ಮೌಲ್ಯಮಾಪನ, ವರ್ಗಾವಣೆ ಕೌನ್ಸೆಲಿಂಗ್, ಅತಿಥಿ ಆಯ್ಕೆ ನಡೆಯುವ ವಾರಗಳನ್ನು ಬಿಡಿ. ವರ್ಗಾವಣೆಯಾಗಿ ಖಾಯಂನವರು ಬಂದರೆ ಅತಿಥಿಯ ಗಂಟೆಗಳು ಹೋಗುತ್ತವೆ, ಆ ವಾರದ ಉತ್ತರ ಆ ವಾರದ್ದೇ ಆಗಿರುತ್ತದೆ. 2023ರ ಕೊನೆಯಲ್ಲಿ ಸೇವೆ ಖಾಯಂಗಾಗಿ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಧರಣಿ ಕೂತಿದ್ದಂಥ ಸಮಯದಲ್ಲಿ ಸಮೀಕ್ಷೆ ಮಾಡಿದರೆ ಅದನ್ನು ಬರೆದೇ ಹೇಳಬೇಕಾಗುತ್ತದೆ. ಸೆಮಿಸ್ಟರ್ ಶುರುವಾಗಿ ಐದಾರು ವಾರ ಕಳೆದ ಮೇಲೆ, ಎರಡೂ ಜಿಲ್ಲೆಗೆ ಒಂದೇ ಹದಿನೈದು ದಿನದಲ್ಲಿ ಮುಗಿಸಿ. ಫಾರಂನಲ್ಲಿ ‘ಕಳೆದ ತಿಂಗಳ ಸಂಬಳ ಅಥವಾ ಗೌರವಧನ ಕೈಗೆ ಬಂದಿದೆಯೇ’ ಅಂತ ಒಂದು ಸಾಲು ಸೇರಿಸಿ.

ಅಂಕಿಸಂಖ್ಯೆ_ಹರಿಹರ

ಕೊನೆಗೊಂದು ತಾಳೆ. ಎಐಎಸ್‌ಎಚ್‌ಇ (ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆ) 2021-22ರ ವರದಿಯಲ್ಲಿ ದೇಶದ ಬೋಧಕರಲ್ಲಿ ಮಹಿಳೆಯರು ನೂರಕ್ಕೆ 43.4. ಅದನ್ನು ನಿಮ್ಮ ಮಾದರಿಯ ಅಳತೆಗೋಲು ಮಾಡಬೇಡಿ, ಅದು ದೇಶದ್ದು. ಪ್ರತಿ ಕಾಲೇಜೂ ಆ ಸಮೀಕ್ಷೆಗೆ ತನ್ನ ಬೋಧಕರ ವಿವರ ಕೊಡುತ್ತದೆ. ಅಲ್ಲಿನ ನೋಡಲ್ ಅಧಿಕಾರಿಯನ್ನು ಕೇಳಿ, ಹೆಸರಿಲ್ಲದೆ ಎಣಿಕೆ ಮಾತ್ರ ತೆಗೆದುಕೊಳ್ಳಿ: ಗಂಡು, ಹೆಣ್ಣು, ಖಾಯಂ, ಅತಿಥಿ. ನಿಮ್ಮ 900ರ ಪಟ್ಟಿಯನ್ನು ಅದಕ್ಕೆ ತಾಳೆ ನೋಡಿದ ಮೇಲೆಯೇ ತೂಕದ ಲೆಕ್ಕಕ್ಕೆ ಕೈಹಾಕಿ. ಅತಿಥಿಗಳ ಸಂಖ್ಯೆ ಎರಡು ಪಟ್ಟಿಯಲ್ಲಿ ಬೇರೆಬೇರೆ ಬಂದರೆ ಆ ಸೆಮಿಸ್ಟರಿನ ವೇಳಾಪಟ್ಟಿ ತರಿಸಿ ಎಣಿಸಿ.