ನನ್ನದೇ ಲೇಖನವನ್ನು ಚಂದಾ ಇಲ್ಲದ ಓದುಗರಿಗೆ ತಲುಪಿಸುವ ದಾರಿ ಯಾವುದು?

ಪ್ರಶ್ನೆ: ಸಸ್ಯಶಾಸ್ತ್ರ ಅಧ್ಯಾಪಕಿ, ಮಲೆನಾಡು

ನಮಸ್ಕಾರ. ಅಡಿಕೆಯ ಕೊಳೆರೋಗವನ್ನು ಕುರಿತು ನಾಲ್ಕು ಮಳೆಗಾಲ ತೋಟಗಳಲ್ಲಿ ಸುತ್ತಾಡಿ ಸಿದ್ಧಪಡಿಸಿದ ನನ್ನ ಲೇಖನವು ಈ ವರ್ಷ ವಿದೇಶಿ ನಿಯತಕಾಲಿಕೆಯೊಂದರಲ್ಲಿ ಪ್ರಕಟವಾಗಿದೆ. ಪ್ರತಿವಾರ ಕೊಳೆತ ಕಾಯಿಗಳನ್ನು ಆರಿಸಿಟ್ಟು ಕೊಡುತ್ತಿದ್ದ ಬೆಳೆಗಾರರೊಬ್ಬರು ಅದನ್ನು ಓದಬೇಕೆಂದು ಕೇಳಿದರು. ಕೊಂಡಿ ತೆರೆದರೆ ಸಾರಾಂಶವಷ್ಟೇ ಕಾಣುತ್ತದೆ, ಉಳಿದ ಪುಟಗಳಿಗೆ ಹಣ ಕಟ್ಟಬೇಕು. ಎಲ್ಲರಿಗೂ ಮುಕ್ತವಾಗಿಡಲು ಪ್ರಕಾಶಕರು ಕೇಳುವ ಶುಲ್ಕ ನನ್ನ ಎರಡು ತಿಂಗಳ ಸಂಬಳವನ್ನು ಮೀರುತ್ತದೆ. ಒಪ್ಪಂದವನ್ನು ಮುರಿಯದೆ ಬೇರೆ ದಾರಿ ಇದೆಯೇ?

ಉತ್ತರ 1: ಗ್ರಂಥಪಾಲಕ

ಇದೆ, ಮೇಡಂ. ಮೊದಲು ನೀವು ಸಹಿ ಮಾಡಿದ ಹಕ್ಕುಸ್ವಾಮ್ಯದ ಪತ್ರವನ್ನು ತೆಗೆದು ನೋಡಿ. ನೀವು ಮೊದಲು ಕಳುಹಿಸಿದ ಕರಡು, ಪರಿಶೀಲಕರ ಸೂಚನೆಯಂತೆ ತಿದ್ದಿ ಒಪ್ಪಿಗೆ ಪಡೆದ ಹಸ್ತಪ್ರತಿ, ಪ್ರಕಾಶಕರು ಪುಟ ಕಟ್ಟಿದ ಅಂತಿಮ ಪಿಡಿಎಫ್, ಈ ಮೂರಕ್ಕೂ ನಿಯಮಗಳು ಬೇರೆ ಬೇರೆ. ಮೂರನೆಯದನ್ನು ಹಂಚಲು ಸಾಮಾನ್ಯವಾಗಿ ಅನುಮತಿ ಇರುವುದಿಲ್ಲ. ಆದರೆ ಎರಡನೆಯದನ್ನು ಕೆಲವು ತಿಂಗಳ ತಡೆಯ ಬಳಿಕ ಸಾಂಸ್ಥಿಕ ಭಂಡಾರದಲ್ಲಿ, ಅಂದರೆ ಸಂಸ್ಥೆಯೊಂದು ತನ್ನವರ ಲೇಖನಗಳನ್ನು ಎಲ್ಲರಿಗೂ ತೆರೆದಿಡುವ ಆನ್‌ಲೈನ್ ಸಂಗ್ರಹದಲ್ಲಿ, ಇಡಲು ಹಲವು ಪ್ರಕಾಶಕರು ಒಪ್ಪುತ್ತಾರೆ, ಅದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ಇಂಥ ಭಂಡಾರವನ್ನು ತೆರೆಯಿತು. ನಿಮ್ಮ ಯೋಜನೆಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಅಥವಾ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಹಣ ಬಂದಿದ್ದರೆ, ಅವುಗಳ 2014ರ ಮುಕ್ತ ಪ್ರವೇಶ ನೀತಿಯಂತೆ ಹಸ್ತಪ್ರತಿಯನ್ನು ಭಂಡಾರಕ್ಕೆ ಒಪ್ಪಿಸುವುದು ನಿಮ್ಮ ಕರ್ತವ್ಯವೂ ಹೌದು. ದಯವಿಟ್ಟು ಆ ಹಸ್ತಪ್ರತಿಯ ಕಡತವನ್ನು ಜೋಪಾನ ಮಾಡಿ. ಅದನ್ನು ಕಳೆದುಕೊಂಡು ನನ್ನ ಬಳಿ ಬರುವವರೇ ಹೆಚ್ಚು.

ಉತ್ತರ 2: ನಿವೃತ್ತ ಪ್ರಾಧ್ಯಾಪಕ

'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ ಬಂದಿರುವಾಗ ಈ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಕೊಟ್ಟು, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಒದಗಿಸುವ ಈ ಏರ್ಪಾಡು 2025ರ ಜನವರಿಯಿಂದ ನಡೆಯುತ್ತಿದೆ. ತಾಲ್ಲೂಕಿನ ಸರ್ಕಾರಿ ಕಾಲೇಜುಗಳಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಆದರೂ ಸಂಸ್ಥೆಯ ಹೊರಗಿರುವ ಬೆಳೆಗಾರರಿಗೆ, ನನ್ನಂಥ ನಿವೃತ್ತರಿಗೆ ಆ ಬಾಗಿಲು ತೆರೆದಿಲ್ಲ. ಚಂದಾ ಕಟ್ಟುವುದು ಬೇರೆ, ಮುಕ್ತವಾಗಿಡುವುದು ಬೇರೆ.

ಉತ್ತರ 3: ಕನ್ನಡ ಸಂಶೋಧನಾ ವಿದ್ಯಾರ್ಥಿ

ಮುಕ್ತವಾಗಿಟ್ಟರೂ ಸಿಗದಿರುವ ಕಷ್ಟ ನಮ್ಮದು. ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಕನ್ನಡದವನ್ನೂ ಯಾರು ಬೇಕಾದರೂ ಓದಬಹುದು; ಆದರೆ ಎಲ್ಲ ಗಣಕಗಳೂ ಒಂದೇ ಬಗೆಯಾಗಿ ಗುರುತಿಸುವ ಯೂನಿಕೋಡ್ ಸಂಕೇತದಲ್ಲಿರದೆ, 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಕಡತದೊಳಗೆ ಕನ್ನಡ ಪದ ಹುಡುಕಿದರೆ ಏನೂ ದೊರೆಯುವುದಿಲ್ಲ, ನಕಲಿಸಿದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಮೇಡಂ, ಫಲಿತಾಂಶಗಳನ್ನು ನಿಮ್ಮದೇ ಮಾತುಗಳಲ್ಲಿ ಕನ್ನಡಕ್ಕೆ ತಂದು, ಯೂನಿಕೋಡ್‌ನಲ್ಲೇ ಪ್ರಕಟಿಸಿ ಎಂದು ಬೇಡಿಕೊಳ್ಳುತ್ತೇನೆ.

ಪ್ರಶ್ನೆ ಕೇಳಿದವರಿಂದ

ಪತ್ರವನ್ನು ನೋಡಿದೆ. ಮೊದಲ ಕರಡನ್ನು ಯಾವಾಗ ಬೇಕಾದರೂ, ಒಪ್ಪಿತ ಹಸ್ತಪ್ರತಿಯನ್ನು 12 ತಿಂಗಳ ಬಳಿಕ ಹಂಚಬಹುದೆಂದಿದೆ. ಕರಡನ್ನು ಈ ವಾರವೇ ಹಾಕುತ್ತೇನೆ. ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಸಿಂಪಡಿಸುವ ಸಮಯದ ಭಾಗವನ್ನು ಮುಂಗಾರಿಗೆ ಮುನ್ನ ಕನ್ನಡದಲ್ಲಿ ಬರೆದು ಆ ಬೆಳೆಗಾರರ ಕೈಗೆ ಮೊದಲು ಕೊಡುತ್ತೇನೆ.