65 ಸಾವಿರಕ್ಕೆ ಮೊದಲ ಗೇಮಿಂಗ್ ಪಿಸಿ: ಈ ಕೊಟೇಶನ್‌ನಲ್ಲಿ ಏನು ಬದಲಿಸಲಿ?

ಡೊಂಬಿವಲಿ_ಲೋಕಲ್

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಪಿಸಿ ನಾನೇ ಜೋಡಿಸಬೇಕೆಂದಿದ್ದೇನೆ. ಬಜೆಟ್ 65 ಸಾವಿರ. ಕೀಬೋರ್ಡ್, ಮೌಸ್, ಮಾನಿಟರ್ ಮನೆಯಲ್ಲೇ ಇವೆ. ಮಾನಿಟರ್ 24 ಇಂಚು, 1080ಪಿ, 144 ಹರ್ಟ್ಜ್. ಹೆಚ್ಚಾಗಿ ವ್ಯಾಲರಂಟ್ ಆಡುವುದು, ಜೊತೆಗೆ ಸೈಬರ್‌ಪಂಕ್ ತರಹದ ದೊಡ್ಡ ಆಟಗಳೂ ಓಡಬೇಕು. ಮುಂಬೈನ ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯವರು ಹೀಗೆ ಬರೆದುಕೊಟ್ಟಿದ್ದಾರೆ:

ಐ5-12400ಎಫ್ ಪ್ರೊಸೆಸರ್, ಎಚ್610 ಮದರ್‌ಬೋರ್ಡ್, 16 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, 512 ಜಿಬಿ ಎಸ್‌ಎಸ್‌ಡಿ, ಆರ್‌ಟಿಎಕ್ಸ್ 3050 6 ಜಿಬಿ ಗ್ರಾಫಿಕ್ಸ್ ಕಾರ್ಡ್, ನಾಲ್ಕು ಆರ್‌ಜಿಬಿ ಫ್ಯಾನ್ ಇರುವ ಗಾಜಿನ ಕ್ಯಾಬಿನೆಟ್, ಅದರ ಜೊತೆ 500 ವಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಫ್ರೀ.

ಇನ್ನೊಂದು ಕಡೆ “ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್” ಇರುವ ರೆಡಿ ಪಿಸಿ ಇದರ ಅರ್ಧ ದುಡ್ಡಿಗೇ ಸಿಗುತ್ತದೆ ಅನ್ನುತ್ತಿದ್ದಾರೆ. ಯಾವುದು ಸರಿ?

ಮುಲುಂಡ್_ಬೋರ್ಡ್

ಮೊದಲು ಆ ಅರ್ಧ ದುಡ್ಡಿನ ಐ7 ವಿಷಯ ಮುಗಿಸೋಣ. ಐ7 ಅಂದರೆ ಸಾಲದು, ಯಾವ ಪೀಳಿಗೆ ಅಂತ ಕೇಳಿ. ಆ ದರಕ್ಕೆ ಸಾಮಾನ್ಯವಾಗಿ ಸಿಗುವುದು ಐ7-3770 ತರಹದ್ದು, 2012ರ ಪ್ರೊಸೆಸರ್, ಡಿಡಿಆರ್3 ರ‍್ಯಾಮ್. “4 ಜಿಬಿ ಗ್ರಾಫಿಕ್ಸ್” ಅನ್ನುವುದು ಬಹುಪಾಲು ಜಿಟಿ 730. ಅದರಲ್ಲಿ ಮೆಮೊರಿ ಎಷ್ಟಿದ್ದರೂ ಚಿಪ್‌ಗೇ ಶಕ್ತಿ ಇಲ್ಲ. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್ 8ನೇ ಪೀಳಿಗೆಯಿಂದ ಮೇಲಕ್ಕೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯ ಕೇಳುತ್ತದೆ. ಆ ಹಳೆಯ ಐ7 ಪಿಸಿ ತರಲೇಬೇಡಿ.

ನಿಮ್ಮ ಕೊಟೇಶನ್‌ನಲ್ಲಿ ಪ್ರೊಸೆಸರ್ ಚೆನ್ನಾಗಿದೆ. 12400ಎಫ್‌ನಲ್ಲಿ 6 ಕೋರ್, 12 ಥ್ರೆಡ್. ಇದೇ ಸಾಲಿನಲ್ಲಿ ನಿಲ್ಲುವ ಇನ್ನೊಂದು ಜೋಡಿ ರೈಜೆನ್ 5 5600 ಮತ್ತು ಬಿ550 ಬೋರ್ಡ್. ಆಟದಲ್ಲಿ ಇವೆರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಬೋರ್ಡ್ ಸೇರಿ ಯಾವುದು ಅಗ್ಗವೋ ಅದನ್ನೇ ತಗೊಳ್ಳಿ. ರೈಜೆನ್ ಕಡೆ ಹೋದರೆ 5500 ಮತ್ತು 5600 ಒಂದೇ ಅಂದುಕೊಳ್ಳಬೇಡಿ. 5500ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, ಪಿಸಿಐಇ (ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡುವ ದಾರಿ) 3.0. 5600ರಲ್ಲಿ 32 ಎಂಬಿ, ಪಿಸಿಐಇ 4.0.

ಎಚ್610 ಬೋರ್ಡ್‌ನಲ್ಲಿ ಎರಡು ವಿಷಯ. ರ‍್ಯಾಮ್ ಸ್ಲಾಟ್ ಎರಡೇ ಇರುತ್ತವೆ. ಒಂದೇ ಹೆಸರಿನ ಬೋರ್ಡ್ ಡಿಡಿಆರ್4ಕ್ಕೂ ಬರುತ್ತದೆ, ಡಿಡಿಆರ್5ಕ್ಕೂ ಬರುತ್ತದೆ. ಹೆಸರಿನ ಕೊನೆಯಲ್ಲಿ ಡಿ4 ಇದೆಯೇ ಅಂತ ನೋಡಿ ತಗೊಳ್ಳಿ, ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ.

ಬದಲಿಸಲೇಬೇಕಾದದ್ದು ಗ್ರಾಫಿಕ್ಸ್ ಕಾರ್ಡ್. 3050 ಅನ್ನುವ ಹೆಸರಲ್ಲಿ ಎರಡು ಬೇರೆ ಕಾರ್ಡ್‌ಗಳಿವೆ. 8 ಜಿಬಿಯದಕ್ಕೆ 2560 ಕೋರ್, 128 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ). ನಿಮಗೆ ಬರೆದುಕೊಟ್ಟಿರುವ 6 ಜಿಬಿಯದಕ್ಕೆ 2304 ಕೋರ್, 96 ಬಿಟ್ ಬಸ್. ಮೆಮೊರಿಯಷ್ಟೇ ಅಲ್ಲ, ಕಾರ್ಡೇ ಒಂದು ಮೆಟ್ಟಿಲು ಕೆಳಗಿನದು. ಅದು 70 ವಾಟ್‌ನಲ್ಲಿ ಬೇರೆ ಕೇಬಲ್ ಇಲ್ಲದೆ ಓಡುತ್ತದೆ, ಹಾಗಾಗಿ ಬಡ ಎಸ್‌ಎಂಪಿಎಸ್ ಜೊತೆ ಕೊಟ್ಟು ಕಳಿಸುವುದಕ್ಕೆ ಅಂಗಡಿಯವರಿಗೆ ಅನುಕೂಲ. ನೀವು ಕೇಳಬೇಕಾದದ್ದು ಆರ್‌ಎಕ್ಸ್ 6600 8 ಜಿಬಿ. 132 ವಾಟ್, ಒಂದು 8 ಪಿನ್ ಕೇಬಲ್. 1080ಪಿಯಲ್ಲಿ 3050ರ ಎರಡೂ ರೂಪಗಳಿಗಿಂತ ಸ್ಪಷ್ಟವಾಗಿ ಮುಂದಿದೆ. ಬ್ಲೆಂಡರ್‌ನಂಥ 3ಡಿ ಚಿತ್ರಣದ ಕೆಲಸವೂ ಇದ್ದರೆ ಮಾತ್ರ ಎನ್‌ವಿಡಿಯಾ ಕಡೆ ನೋಡಿ, ಆಗ ಆರ್‌ಟಿಎಕ್ಸ್ 4060ಕ್ಕೆ ದುಡ್ಡು ಹೊಂದಿಸಬೇಕಾಗುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿ ತೋರಿಸಿದರೆ ಬೇಡ ಅನ್ನಿ: 4 ಜಿಬಿ ಮೆಮೊರಿ, ಪಿಸಿಐಇ ಲೇನ್ ನಾಲ್ಕೇ.

ದುಡ್ಡನ್ನು ಹೀಗೆ ಹಂಚಿ: ಗ್ರಾಫಿಕ್ಸ್ 23 ಸಾವಿರ, ಪ್ರೊಸೆಸರ್ ಮತ್ತು ಬೋರ್ಡ್ ಸೇರಿ 19, ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ 15, ಎಸ್‌ಎಂಪಿಎಸ್‌ಗೆ ನಾಲ್ಕೂವರೆ, ಕ್ಯಾಬಿನೆಟ್‌ಗೆ ಮೂರೂವರೆ. 2025ರ ಕೊನೆಯಿಂದ ರ‍್ಯಾಮ್ ದರ ವಿಪರೀತ ಏರಿರುವುದರಿಂದ ಮೂರನೆಯ ಬಾಬ್ತು ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಆಗ ಕ್ಯಾಬಿನೆಟ್‌ನಲ್ಲಿ, ಎಸ್‌ಎಸ್‌ಡಿ ಗಾತ್ರದಲ್ಲಿ ಉಳಿಸಿ. ಎಸ್‌ಎಂಪಿಎಸ್ ದುಡ್ಡಿಗೆ ಕೈಹಾಕಬೇಡಿ. ಡಿಡಿಆರ್5 ಬೇಕಾಗುವ ಎಎಂ5ಗೆ (ರೈಜೆನ್‌ನ ಹೊಸ ಸಾಕೆಟ್‌ಗೆ) ಈ ಬಜೆಟ್‌ನಲ್ಲಿ ಹೋದರೆ ಗ್ರಾಫಿಕ್ಸ್ ಕಾರ್ಡ್‌ನಿಂದಲೇ ಕತ್ತರಿಸಬೇಕಾಗುತ್ತದೆ. ಆಡುವುದಕ್ಕೇ ಕಟ್ಟುತ್ತಿರುವ ಪಿಸಿಗೆ ಅದು ಸರಿಯಲ್ಲ.

ಪುಣೆ_ಹನ್ನೆರಡು_ವೋಲ್ಟ್

ನೋಡ್ರಿ, ಎಸ್‌ಎಂಪಿಎಸ್ ಫ್ರೀ ಅಂತ ಬರದಾರಲ್ಲ, ಅದನ್ನ ಅಂಗಡ್ಯಾಗ ಬಿಟ್ಟು ಬರ್ರಿ. ಅದರ ಮೈಮ್ಯಾಲಿನ ಸ್ಟಿಕರ್ ಒಮ್ಮೆ ಓದ್ರಿ. ದಪ್ಪ ಅಕ್ಷರದಾಗ 500 ವಾಟ್ ಅಂತ ಇರತೈತಿ, ಆದರ 12 ವೋಲ್ಟ್ ಸಾಲಿನ ಕೆಳಗ 15 ಆಂಪ್ಸ್ ಅಂತ ಇದ್ದರ ಅದು 12 ಗುಣಿಸು 15, ಬರೇ 180 ವಾಟ್. ಪ್ರೊಸೆಸರ್ರು, ಗ್ರಾಫಿಕ್ಸ್ ಕಾರ್ಡು ಎರಡೂ ಎಳಿಯೋದು ಈ 12 ವೋಲ್ಟಿನಿಂದನ. ಚೊಲೋ ಕಂಪನಿಯ 550 ವಾಟಿನದು ಇಲ್ಲಿ 40 ಆಂಪ್ಸಿಗಿಂತ ಹೆಚ್ಚು ಕೊಡತೈತಿ.

ನಿಮ್ಮ ಲೆಕ್ಕ ಹಾಕೋಣು. 12400ಎಫ್ ಪೂರ್ತಿ ಜೋರಿನಾಗ 117 ವಾಟ್, 6600 ಕಾರ್ಡು 132, ಬೋರ್ಡು ರ‍್ಯಾಮು ಫ್ಯಾನು ಸೇರಿ ಒಂದು 50. ಎಲ್ಲಾ ಕೂಡಿದರ 300ರ ಆಸುಪಾಸು. 550 ವಾಟ್, 80 ಪ್ಲಸ್ ಬ್ರಾಂಜ್ ಸಾಕ್ರಿ, ಐದು ವರ್ಷದ ವಾರಂಟಿ ಇರೋದು ಸಿಕ್ಕರ ಅದನ್ನ ತೊಗೋರಿ. ಆದರ 80 ಪ್ಲಸ್ ಅಂದರ ಎಷ್ಟು ಕರೆಂಟ್ ಪೋಲಾಗತೈತಿ ಅನ್ನೋದರ ಗುರುತು ಅಷ್ಟ, ಒಳಗಿನ ರಕ್ಷಣೆ ಹೆಂಗೈತಿ ಅನ್ನೋದು ಅದರಿಂದ ತಿಳಿಯೂದಿಲ್ಲ. ಓವರ್ ಕರೆಂಟ್, ಓವರ್ ವೋಲ್ಟೇಜ್, ಶಾರ್ಟ್ ಸರ್ಕಿಟ್ ಪ್ರೊಟೆಕ್ಷನ್ ಮೂರೂ ಡಬ್ಬಿ ಮ್ಯಾಲೆ ಬರದಿರಬೇಕು.

ಕೇಬಲ್ಲಿನಾಗ ಭಾಳ ಮಂದಿ ತಪ್ಪತಾರ. ಎರಡು ನಮೂನಿ 8 ಪಿನ್ ಇರತಾವ. 4+4 ಆಗಿ ಬಿಡಿಸಿಕೊಳ್ಳೋದು ಪ್ರೊಸೆಸರಿಗೆ, 6+2 ಆಗಿ ಬಿಡಿಸಿಕೊಳ್ಳೋದು ಗ್ರಾಫಿಕ್ಸಿಗೆ. ಒಂದರ ಜಾಗಾದಾಗ ಇನ್ನೊಂದು ಕೂಡೂದಿಲ್ಲ, ಒತ್ತಿ ತುರುಕಬ್ಯಾಡ್ರಿ. ಕಾರ್ಡಿನ ಡಬ್ಬಿ ಒಳಗ ಹಳೇ ನಾಲ್ಕು ಪಿನ್ನಿನಿಂದ 8 ಪಿನ್ ಮಾಡೋ ಕನ್ವರ್ಟರ್ ಬಂದರ ಅದನ್ನ ಹಾಕಲೇಬ್ಯಾಡ್ರಿ, ಪಿನ್ನು ಕಾದು ಪ್ಲಾಸ್ಟಿಕ್ ಕರಗತೈತಿ. ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದರ ಒಂದು ಕಂಪನಿ ಕೇಬಲ್ಲು ಇನ್ನೊಂದಕ್ಕ ಹಾಕೂದು ಅಂತೂ ಸಲ್ಲ, ಪಿನ್ನಿನ ಕ್ರಮ ಬ್ಯಾರೆ ಇದ್ದರ ಎಸ್‌ಎಸ್‌ಡಿ ಸುಟ್ಟು ಹೋಗತಾವ.

ಹಳೇ ಬಿಲ್ಡಿಂಗಿನಾಗ ಇರೋರಾದರ ಅರ್ಥಿಂಗ್ ನೋಡಿಸ್ರಿ. ಮಲ್ಟಿಮೀಟರಿನಾಗ ಫೇಸ್ ಮತ್ತ ಅರ್ಥ್ ನಡುವ 230ರ ಹತ್ತಿರ, ನ್ಯೂಟ್ರಲ್ ಮತ್ತ ಅರ್ಥ್ ನಡುವ 5ಕ್ಕಿಂತ ಕಡಿಮಿ ಬರಬೇಕು. ಕ್ಯಾಬಿನೆಟ್ ಮುಟ್ಟಿದರ ಜುಮ್ ಅಂತಿದ್ದರ ಮದಲ ಎಲೆಕ್ಟ್ರಿಷಿಯನ್ ಕರೀರಿ.

ಡೊಂಬಿವಲಿ_ಲೋಕಲ್

ತುಂಬ ಉಪಕಾರ. ಇನ್ನು ಮೂರು ಪ್ರಶ್ನೆ. 16 ಜಿಬಿ ಒಂದೇ ಸ್ಟಿಕ್ ಇದ್ದರೆ ಮುಂದೆ ಇನ್ನೊಂದು ಹಾಕಬಹುದು ಅನ್ನುತ್ತಾರೆ, ಸರಿಯಾ? “ಟ್ರೇ” ಪ್ರೊಸೆಸರ್ ತಗೊಂಡರೆ ಕಡಿಮೆ ಆಗುತ್ತದಂತೆ, ತಗೊಳ್ಳಲಾ? ಜಿಎಸ್‌ಟಿ ಬಿಲ್ ಬೇಡ ಅಂದರೆ ಇನ್ನೂ ಬಿಡುತ್ತಾರಂತೆ.

ಮುಲುಂಡ್_ಬೋರ್ಡ್

ಮೂರನೆಯದಕ್ಕೆ ಮೊದಲು ಉತ್ತರ: ಪಕ್ಕಾ ಬಿಲ್ ಇಲ್ಲದೆ ಒಂದು ಫ್ಯಾನನ್ನೂ ತಗೊಳ್ಳಬೇಡಿ. ಪಾರ್ಟ್‌ಗಳ ಮೇಲೆ ಜಿಎಸ್‌ಟಿ ಶೇ. 18. ಅದನ್ನು ಉಳಿಸಲು ಹೋಗಿ ಕಚ್ಚಾ ಚೀಟಿ ತಂದರೆ ಗ್ರಾಫಿಕ್ಸ್ ಕಾರ್ಡಿನ ಮೂರು ವರ್ಷದ ವಾರಂಟಿಗೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬಿಲ್ ಮೇಲೆ ಕಾರ್ಡ್, ಬೋರ್ಡ್, ಪ್ರೊಸೆಸರ್, ಎಸ್‌ಎಸ್‌ಡಿ ನಾಲ್ಕರ ಸೀರಿಯಲ್ ನಂಬರ್ ಬರೆಸಿ, ಅಲ್ಲೇ ನಿಂತು ಡಬ್ಬಿಯ ನಂಬರನ್ನೂ ವಸ್ತುವಿನ ಮೇಲಿನ ನಂಬರನ್ನೂ ತಾಳೆ ನೋಡಿ.

ಟ್ರೇ ಅಂದರೆ ಡಬ್ಬಿಯಿಲ್ಲದೆ ಬರುವ ಪ್ರೊಸೆಸರ್. ಕೂಲರ್ ಬರುವುದಿಲ್ಲ, ವಾರಂಟಿ ಅಂಗಡಿಯವರ ಮಾತಿನ ಮೇಲೆ ನಿಂತಿರುತ್ತದೆ. ಕೂಲರ್ ಬೇರೆ ಕೊಂಡರೆ ಉಳಿದದ್ದೂ ಹೋಯಿತು. ಬಾಕ್ಸ್‌ನದ್ದೇ ಇರಲಿ.

ರ‍್ಯಾಮ್ 8+8 ಕಿಟ್ಟೇ ತಗೊಳ್ಳಿ, ವೇಗ 3200, ಸಿಎಲ್16 (ತಡದ ಅಳತೆ). ಒಂದೇ ಸ್ಟಿಕ್ ಇದ್ದರೆ ಒಂದೇ ಚಾನೆಲ್ ಓಡುತ್ತದೆ. ವ್ಯಾಲರಂಟ್‌ನಂಥ ಆಟ ಪ್ರೊಸೆಸರ್ ಮೇಲೆ ನಿಂತಿರುವುದರಿಂದ ಅಲ್ಲೇ ಫ್ರೇಮ್ ಜಾಸ್ತಿ ಬೀಳುವುದು. ಮುಂದೆ ತರುವ ಇನ್ನೊಂದು ಸ್ಟಿಕ್ ಬೇರೆ ಚಿಪ್‌ನದಾಗಿದ್ದರೆ ಪೂರ್ತಿ ವೇಗದಲ್ಲಿ ಹೊಂದುವುದಕ್ಕೆ ತಕರಾರು ಮಾಡಬಹುದು. ನಾಲ್ಕು ಸ್ಲಾಟಿನ ಬೋರ್ಡ್ ತಗೊಂಡರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು ತುಂಬಬೇಕು. ಆಮೇಲೆ ಬಯೋಸ್‌ಗೆ (ಬೋರ್ಡ್‌ನ ಸ್ವಂತ ಸೆಟ್ಟಿಂಗ್ ಪರದೆಗೆ) ಹೋಗಿ ಎಕ್ಸ್‌ಎಂಪಿ (ಪೂರ್ತಿ ವೇಗದ ಸೆಟ್ಟಿಂಗ್) ಹಾಕದಿದ್ದರೆ 3200ರ ರ‍್ಯಾಮ್ 2133 ಅಥವಾ 2666ರಲ್ಲೇ ಓಡಿಕೊಂಡಿರುತ್ತದೆ. ಕೆಲವರ ಪಿಸಿ ವರ್ಷಗಟ್ಟಲೆ ಹಾಗೇ ಓಡುತ್ತಿರುತ್ತದೆ.

ಲ್ಯಾಮಿಂಗ್ಟನ್ ರೋಡಿಗೆ ಭಾನುವಾರ ಹೋಗಬೇಡಿ, ಬಹುಪಾಲು ಅಂಗಡಿ ಮುಚ್ಚಿರುತ್ತವೆ. ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಸ್ಲೋ ಹಿಡಿದು ಗ್ರಾಂಟ್ ರೋಡ್ ಪೂರ್ವಕ್ಕೆ ಇಳಿಯಿರಿ. ಕ್ಯಾಬಿನೆಟ್ ಮಾತ್ರ ಮನೆಗೇ ತರಿಸಿಕೊಳ್ಳಿ, ಸಂಜೆಯ ಲೋಕಲ್‌ನಲ್ಲಿ ಆ ಗಾಜು ಉಳಿಯುವುದಿಲ್ಲ.

ವಾಸ್ಕೋ_ಉಪ್ಪುಗಾಳಿ

ಜೋಡಣೆ ಬಗ್ಗೆ ಯಾರೂ ಬರೆದಿಲ್ಲ, ನಾನು ಸೇರಿಸುತ್ತೇನೆ.

ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್ ನಾಲ್ಕನ್ನೂ ಹೊರಗೇ ಕೂರಿಸಿ. 12400ಎಫ್ ಆದರೆ ಪಿನ್ನುಗಳು ಬೋರ್ಡ್‌ನ ಸಾಕೆಟ್‌ನಲ್ಲಿರುತ್ತವೆ. ಪ್ರೊಸೆಸರನ್ನು ನೇರ ಮೇಲಿನಿಂದ ಇಳಿಸಿ, ಒತ್ತಬಾರದು. ಲಿವರ್ ಒತ್ತುವಾಗ ಗಟ್ಟಿಯಾಗಿ ಕಿರ್ ಅನ್ನುತ್ತದೆ, ಅದು ಸಹಜ, ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನೇ ಹಾರಿ ಬರುತ್ತದೆ. ಆ ಮುಚ್ಚಳ ಎತ್ತಿಡಿ, ವಾರಂಟಿಗೆ ಬೋರ್ಡ್ ಕಳಿಸುವಾಗ ಬೇಕು.

ರೈಜೆನ್ 5600 ಆದರೆ ಪಿನ್ನು ಪ್ರೊಸೆಸರ್‌ನಲ್ಲೇ. ಮೂಲೆಯ ಚಿನ್ನದ ತ್ರಿಕೋನ ಸಾಕೆಟ್‌ನ ತ್ರಿಕೋನಕ್ಕೆ ಸೇರಬೇಕು. ಅದರ ಜೊತೆ ಬರುವ ಕೂಲರ್‌ಗೆ ನಾಲ್ಕು ಸ್ಕ್ರೂ, ಹಾಗಾಗಿ ಬೋರ್ಡ್‌ಗೆ ಅಂಟಿರುವ ಎರಡು ಪ್ಲಾಸ್ಟಿಕ್ ಕೊಂಡಿಗಳನ್ನು ಮೊದಲು ಬಿಚ್ಚಬೇಕು. ಬಿಚ್ಚಿದ ತಕ್ಷಣ ಹಿಂಬದಿಯ ಪ್ಲೇಟ್ ಕಳಚಿ ಬೀಳುತ್ತದೆ, ಒಂದು ಕೈಯಲ್ಲಿ ಹಿಡಿದಿರಿ. ಸ್ಕ್ರೂಗಳನ್ನು ಕರ್ಣಕ್ಕೆ ಕರ್ಣ, ಎರಡೆರಡು ಸುತ್ತಿನಂತೆ ಬಿಗಿಸುತ್ತ ಹೋಗಿ. ಒಂದನ್ನೇ ಪೂರ್ತಿ ತಿರುಗಿಸಿದರೆ ಎದುರಿನ ಮೂಲೆ ಎದ್ದು ಉಳಿದದ್ದು ಹಿಡಿಯುವುದೇ ಇಲ್ಲ. ಕೂಲರ್ ತಳದಲ್ಲಿ ಬೂದುಬಣ್ಣದ ಪೇಸ್ಟ್ ಮೊದಲೇ ಇರುತ್ತದೆ, ಅದರ ಮೇಲೆ ಬೇರೆ ಹಚ್ಚಬೇಡಿ. ಮುಂದೆ ಎಂದಾದರೂ ತೆಗೆಯಬೇಕಾದರೆ ಪಿಸಿಯನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಅತ್ತಿತ್ತ ತಿರುವಿ ಎತ್ತಿ. ತಣ್ಣಗಿರುವಾಗ ನೇರ ಎಳೆದರೆ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬರುತ್ತದೆ.

ಕ್ಯಾಬಿನೆಟ್ ಒಳಗೆ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳನ್ನು (ಬೋರ್ಡ್ ಕೂರುವ ಗಿಡ್ಡ ಕಂಬಗಳನ್ನು) ಬೋರ್ಡಿನ ತೂತುಗಳ ಜೊತೆ ಎಣಿಸಿ. ತೂತಿಲ್ಲದ ಕಡೆ ಒಂದು ಉಳಿದರೂ ಬೋರ್ಡ್‌ನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಪ್ರೊಸೆಸರ್ ಕೇಬಲ್ ಮೇಲಿನ ಎಡಮೂಲೆಯಲ್ಲಿ ಸಿಕ್ಕಿಸುವುದು, ಬೋರ್ಡ್ ಕೂರಿಸಿದ ಮೇಲೆ ಬೆರಳು ಹೋಗುವುದಿಲ್ಲ, ಮೊದಲೇ ತೂರಿಸಿಡಿ. ಗ್ರಾಫಿಕ್ಸ್ ಕಾರ್ಡ್ ಕೊನೆಗೆ. ಮಾನಿಟರ್ ಕೇಬಲ್ ಕಾರ್ಡಿಗೆ ಹಾಕಿ, ಬೋರ್ಡಿನ ಎಚ್‌ಡಿಎಂಐಗೆ ಅಲ್ಲ. ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಪರದೆ ಕಪ್ಪಾಗಿಯೇ ಇರುತ್ತದೆ.

ಡಿಸ್‌ಪ್ಲೇ ಬಾರದಿದ್ದರೆ ಎಲ್ಲ ಬಿಚ್ಚಬೇಡಿ. ರ‍್ಯಾಮ್ ತೆಗೆದು ಎರಡೂ ತುದಿ ಟಕ್ ಅನ್ನುವವರೆಗೆ ಮತ್ತೆ ಒತ್ತಿ, ಬಹಳ ಸಲ ಅಲ್ಲೇ ಮುಗಿಯುತ್ತದೆ. ಇಲ್ಲವಾದರೆ ಒಂದೇ ಸ್ಟಿಕ್‌ನಲ್ಲಿ ಪ್ರಯತ್ನಿಸಿ. ಬಿ550 ಬೋರ್ಡ್ ಹಳೆಯ ಸ್ಟಾಕ್ ಆಗಿದ್ದರೆ ಅದರ ಬಯೋಸ್‌ಗೆ 5600ರ ಗುರುತೇ ಇರುವುದಿಲ್ಲ, ಏಕೆಂದರೆ ಬೋರ್ಡ್ ಬಂದದ್ದು 2020ರಲ್ಲಿ, 5600 ಬಂದದ್ದು 2022ರಲ್ಲಿ. ಕೊಳ್ಳುವಾಗಲೇ ಬಯೋಸ್ ಅಪ್‌ಡೇಟ್ ಮಾಡಿಸಿಕೊಳ್ಳಿ, ಅಥವಾ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ತಗೊಳ್ಳಿ. ಅದಕ್ಕೆ ಎಫ್‌ಎಟಿ32 ಫಾರ್ಮ್ಯಾಟ್ ಮಾಡಿ ಹೊಸ ಬಯೋಸ್ ಫೈಲ್ ಹಾಕಿದ ಪೆನ್‌ಡ್ರೈವ್ ಸಾಕು, ಪ್ರೊಸೆಸರ್ ಕೂಡ ಬೇಡ.

ಗೋವಾದಲ್ಲಿ ಓದುತ್ತಿರುವವರಿಗೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಹೋಗುತ್ತ ಬರುತ್ತ ಇರುತ್ತದೆ, ಯುಪಿಎಸ್ ಲೆಕ್ಕದಲ್ಲಿ ಸೇರಿಸಿಕೊಳ್ಳಿ. 600 ವಿಎ ಯುಪಿಎಸ್‌ನಿಂದ ಸಿಗುವುದು ಸುಮಾರು 360 ವಾಟ್. ಆಟದ ನಡುವೆ ಸೇವ್ ಮಾಡಿ ಮುಚ್ಚುವಷ್ಟು ಸಮಯ ಸಿಗುತ್ತದೆ, ಆದರೆ ಬಿಗಿ. 1000 ವಿಎ ನೆಮ್ಮದಿ. ಮನೆಯ ಇನ್‌ವರ್ಟರ್ ಮೇಲೆ ಹಾಕುವವರು ಅದರ ಹಿಂಬದಿಯ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ, ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲೇ ಪಿಸಿ ರೀಸ್ಟಾರ್ಟ್ ಆಗುತ್ತದೆ. ಸಮುದ್ರದ ಹತ್ತಿರದ ಮನೆಗಳಲ್ಲಿ ಪಿಸಿಯನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನವೂ ಸ್ವಲ್ಪ ಓಡಿಸುವುದು ಒಳ್ಳೆಯದು, ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ರ‍್ಯಾಮ್‌ನ ಚಿನ್ನದ ಅಂಚು ಮಂಕಾದರೆ ರಬ್ಬರ್‌ನಿಂದ ಉಜ್ಜಬೇಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ.

ಮುಲುಂಡ್_ಬೋರ್ಡ್

ವಿಂಡೋಸ್ ಹಾಕುವ ಮೊದಲಿನ ಕೆಲಸ: ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ಬೂಟ್ ವಿಧಾನ) ಆಫ್, ಸೆಕ್ಯೂರ್ ಬೂಟ್ ಆನ್, ರೀಸೈಜ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್‌ಗೆ ಪೂರ್ತಿ ತೆರೆಯುವ ಸೆಟ್ಟಿಂಗ್) ಆನ್. ವಿಂಡೋಸ್ ಹಾಕಿದ ಮೇಲೆ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 60 ಇದ್ದದ್ದನ್ನು 144 ಹರ್ಟ್ಜ್ ಮಾಡಿ, ಅದು ತಾನಾಗಿ ಬದಲಾಗದಿರಬಹುದು. ಮೇ ತಿಂಗಳ ಸೆಕೆಯಲ್ಲಿ ಬಾಕ್ಸ್ ಕೂಲರ್‌ನಲ್ಲಿ 5600 ಆಟದ ನಡುವೆ 80 ಡಿಗ್ರಿ ಮುಟ್ಟಿದರೆ ಗಾಬರಿ ಬೇಡ, ಅದರ ಮಿತಿ 90. ಅದನ್ನೇ ಮುಟ್ಟಿ ನಿಂತರೆ ಕೂಲರ್‌ನ ಒಂದು ಸ್ಕ್ರೂ ಸರಿಯಾಗಿ ಹಿಡಿದಿಲ್ಲ ಅಂತ ತಿಳಿಯಿರಿ.