ಕಡ್ಡಿ ಗೀರಿದವರು ಚಿಕ್ಕಮ್ಮ

ಬೆಳಗ್ಗೆ 6.40ಕ್ಕೆ ಚಿಕ್ಕಮ್ಮ ಮನೆಯವರ ಗುಂಪಿಗೆ ಒಂದು ವಿಡಿಯೋ ಹಾಕಿದರು. ಬೆಂಕಿಕಡ್ಡಿಯ ತಲೆಗೆ ನೇಲ್ ಪಾಲಿಶ್ ಹಚ್ಚುವ ಒಂದು ಕೈ. ಮುಂದೆ, ಉರಿಯುವ ಕಡ್ಡಿಯನ್ನು ನೀರಿನ ಲೋಟಕ್ಕೆ ಅದ್ದಿ ಎತ್ತಿದರೆ ಮತ್ತೆ ಭಗ್ಗನೆ ಉರಿ! ಕೆಳಗೆ: "ಮಳೆ, ಪ್ರವಾಹದಲ್ಲಿ ಜೀವ ಉಳಿಸುವ ಉಪಾಯ. ಎಲ್ಲರಿಗೂ ಕಳಿಸಿ."

ವಿಡಿಯೋ 3 ನಿಮಿಷದ್ದು. ಮೊದಲ ಉತ್ತರ 20 ಸೆಕೆಂಡಿಗೇ ಬಂತು.

ಭಾವ: ಇದಕ್ಕೆ ಮೂಲ ಏನು ಅತ್ತೆ? ನೀರೊಳಗೆ ಬೆಂಕಿಗೆ ಆಕ್ಸಿಜನ್ ಎಲ್ಲಿಂದ ಬರುತ್ತೆ? ಎಡಿಟ್ ಮಾಡಿದ್ದು.

ಚಿಕ್ಕಮ್ಮ: ನಂಗೊತ್ತಿಲ್ಲಪ್ಪ, ಬಂದಿದ್ದನ್ನ ಕಳಿಸ್ದೆ.

ದೊಡ್ಡಪ್ಪ: ಕಡ್ಡಿ ಗೀರೋಕೂ ವಿಡಿಯೋ ನೋಡೋ ಕಾಲ ಬಂತು. ವಸ್ತು ಜೋಪಾನ ಮಾಡೋ ಬುದ್ಧಿ ಇದ್ರೆ ಇದೆಲ್ಲ ಬೇಕಾಗಲ್ಲ. ಕೆಲವರಿಗೆ ಬೆಂಕಿಪೊಟ್ಟಣ ಕೈಗೆ ಕೊಟ್ರೂ ನೀರಿನ ಬಾಟಲಿ ಜೊತೆ ಬ್ಯಾಗಿಗೆ ತುರುಕ್ತಾರೆ.

'ಕೆಲವರು' ಅಂದರೆ ಭಾವ. 12 ವರ್ಷದ ಹಿಂದೆ ನಾವೆಲ್ಲ ಬೆಟ್ಟದ ಮೇಲೆ ಟೆಂಟ್ ಹಾಕಿದ ರಾತ್ರಿ ಮಳೆ ಸುರಿದು, ಇದ್ದ ಒಂದೇ ಪೊಟ್ಟಣ ಒದ್ದೆಯಾಗಿ, ಒಂಬತ್ತು ಜನ ಬೆಳಗಿನವರೆಗೆ ನಡುಗಿದ್ದೆವು. ಅಕ್ಕನ ಮದುವೆಯಾದ ಹೊಸತು. ತಪ್ಪು ಹೊಸ ಅಳಿಯನ ತಲೆಗೆ ಬಿತ್ತು, ಇಳಿಯಲೇ ಇಲ್ಲ.

ಅಕ್ಕ: ಅದಕ್ಕೂ ಇದಕ್ಕೂ ಏನ್ ಸಂಬಂಧ ದೊಡ್ಡಪ್ಪ?

ದೊಡ್ಡಪ್ಪ: ನಾನು ಯಾರ ಹೆಸರೂ ಹೇಳಿಲ್ಲಮ್ಮ.

ಭಾವ: ಹೇಳೋದೇನೂ ಬೇಕಿಲ್ಲ ಬಿಡಿ ಮಾವ.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ನಾನು ನಡುವೆ ಬಾಯಿ ಹಾಕಿದೆ. ವಿಡಿಯೋದಲ್ಲಿರೋದು ಎರಡು ಬೇರೆ ಬೇರೆ ಕಡ್ಡಿ. ಪಾಲಿಶ್ ಹಚ್ಚಿದ್ದು ಮಾಮೂಲಿ ಕಡ್ಡಿ. ಅದು ಗೀರುವ ತನಕ ನೀರು ತಡೆಯುತ್ತೆ ಅಷ್ಟೇ, ಹೊತ್ತಿದ ಮೇಲೆ ಅದ್ದಿದರೆ ಆರುತ್ತೆ. ಲೋಟಕ್ಕೆ ಅದ್ದಿದ್ದು ಗಾಳಿಮಳೆಗೆಂದೇ ಮಾಡೋ ಸ್ಟಾರ್ಮ್‌ಪ್ರೂಫ್ ಕಡ್ಡಿ, ಅದಕ್ಕೆ ಅರ್ಧದವರೆಗೂ ದಪ್ಪಗೆ ಮದ್ದು ಮೆತ್ತಿರ್ತಾರೆ. ಆಕ್ಸಿಜನ್ ಹೊರಗಿಂದ ಬರಬೇಕಾಗಿಲ್ಲ, ಮದ್ದಿನಲ್ಲಿರೋ ಪೊಟ್ಯಾಸಿಯಂ ಕ್ಲೋರೇಟೇ ಕೊಡುತ್ತೆ. ಮದ್ದು ಮುಗಿಯೋ ತನಕ, ಸುಮಾರು 15 ಸೆಕೆಂಡು. ಆಮೇಲೆ ಅದೂ ಬರೀ ಕಟ್ಟಿಗೆ.

ಎರಡು ಹೆಬ್ಬೆಟ್ಟು ಬಂದವು. ಎರಡೂ ಅಕ್ಕನ ಮೆಸೇಜಿಗೆ.

ಗುಂಪಿನಲ್ಲಿ ಕೇಳುವವರಿಲ್ಲ, ಇಲ್ಲಾದರೂ ಹೇಳಿಬಿಡುತ್ತೇನೆ. ಆರು ಕಡ್ಡಿಗೆ ಮೇಣ, ಆರಕ್ಕೆ ನೇಲ್ ಪಾಲಿಶ್ ಹಚ್ಚಿ ಒಣಗಿಸಿ ಒಂದು ಗಂಟೆ ನೀರಲ್ಲಿಟ್ಟೆ. ಪಾಲಿಶ್‌ನವು ಒರೆಸಿ ಗೀರಿದರೆ ಹೊತ್ತಿದವು. ಮೇಣದ್ದು ಗೀರಿದಾಗ ಪೊಟ್ಟಣದ ಪಕ್ಕದ ಪಟ್ಟಿಗೆ ಸೋಪು ಸವರಿದಂತೆ ಬಿಳಿ ಪೊರೆ ಹತ್ತಿಕೊಂಡಿತು. ಆ ಜಾಗದಲ್ಲಿ ಒಣ ಕಡ್ಡಿಯೂ ಜಾರಿತು. ಮೇಣವನ್ನು ಉಗುರಿನಿಂದ ಕೆರೆದು, ಪಟ್ಟಿಯ ಇನ್ನೊಂದು ಕಡೆ ಗೀರಿದ ಮೇಲೆ ಕೆಲಸ ಆಯಿತು. ಕೊನೆಗೆ ಪೊಟ್ಟಣವನ್ನೂ ಅದ್ದಿ ನೋಡಿದೆ. ಪಟ್ಟಿ ಉಬ್ಬಿ, ಕಡ್ಡಿ ತಾಗಿದ ಕಡೆ ಕಂದು ಕೆಸರಿನ ಹಾಗೆ ಕಿತ್ತುಬಂತು. ಕಡ್ಡಿಗೆ ಏನು ಬಳಿದರೇನು? ಗೀರಿದಾಗ ಕಿಡಿ ಹೊತ್ತಿಸುವ ಕೆಂಪು ರಂಜಕ (ಫಾಸ್ಫರಸ್) ಇರುವುದು ಕಡ್ಡಿಯಲ್ಲಲ್ಲ, ಆ ಪಟ್ಟಿಯಲ್ಲಿ. ಅದನ್ನು ಕತ್ತರಿಸಿ, ಕಡ್ಡಿಯ ತಲೆಗೆ ಉಜ್ಜದ ಹಾಗೆ ಬೇರೆ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಇದನ್ನೂ ಗುಂಪಿಗೆ ಹಾಕಿದೆ.

ಭಾವ: ಇದಕ್ಕೆ ಮೂಲ?

ಈ ಮಾಮೂಲಿ ಪೊಟ್ಟಣದ ಸೇಫ್ಟಿ ಕಡ್ಡಿ ಅಂದ್ರೇನೇ ಅದು ಭಾವ, 1844ರಲ್ಲಿ ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ ಪೇಟೆಂಟ್ ಪಡೆದಿದ್ದೇ ರಂಜಕವನ್ನ ಕಡ್ಡಿಯಿಂದ ಪಟ್ಟಿಗೆ ಸರಿಸಿದ್ದಕ್ಕೆ ಅಂದೆ.

ದೊಡ್ಡಪ್ಪ: ಸ್ವೀಡನ್ ಆಮೇಲೆ ನೋಡೋಣ. ದೊಡ್ಡವರು ಮಾತಾಡ್ತಿದ್ದಾರೆ.

ಅಷ್ಟರಲ್ಲಿ ಅತ್ತೆ ಮಗ ಎದ್ದ. "ಅಯ್ಯೋ ಆ ಟ್ರಿಪ್ಪು! ಎಂಥ ದಿನಗಳು!" ಹಳೇ ಹಾರ್ಡ್ ಡಿಸ್ಕಿನಿಂದ 14 ಫೋಟೋ ಸುರಿದ. ಯಾರ ತಲೆಯಲ್ಲಿ ಎಷ್ಟು ಕೂದಲಿತ್ತು ಅನ್ನುವ ಲೆಕ್ಕ ಶುರುವಾಯಿತು. ಆ ಪ್ರವಾಸದಲ್ಲೇ ಕಳೆದುಹೋದ ತಮ್ಮ ಶಾಲು ಅತ್ತೆಯ ಹೆಗಲ ಮೇಲಿರುವುದನ್ನು ಚಿಕ್ಕಮ್ಮ ಕಂಡುಹಿಡಿದರು. ಅದು ಬೇರೆಯೇ ಜಗಳ, ಇನ್ನೂ ನಡೆದಿದೆ.

ಒಂಬತ್ತನೇ ಫೋಟೋ ಮಳೆಗೆ ಮುಂಚೆ ತೆಗೆದದ್ದು. ದೊಡ್ಡಪ್ಪ ಬಗ್ಗಿ ಟೆಂಟಿನ ಹಗ್ಗ ಕಟ್ಟುತ್ತಿದ್ದಾರೆ. ಅಂಗಿ ಜೇಬಿನಿಂದ ಹಳದಿಯ ಏನೋ ಒಂದು ಮೂಲೆ ಇಣುಕುತ್ತಿದೆ. ಅಕ್ಕ ಅಷ್ಟನ್ನೇ ಕತ್ತರಿಸಿ, ದೊಡ್ಡದು ಮಾಡಿ, ಸುತ್ತ ಕೆಂಪು ವೃತ್ತ ಎಳೆದು ಹಾಕಿದಳು. ಒಂದು ಮಾತೂ ಬರೆಯಲಿಲ್ಲ. ಬೆಂಕಿಪೊಟ್ಟಣ.

40 ನಿಮಿಷ ಗುಂಪಿನಲ್ಲಿ ಉಸಿರಿಲ್ಲ.

ದೊಡ್ಡಪ್ಪ: ಈ ಫೋಟೋಗೆ ಮೂಲ ಏನು?

ಭಾವ: ಕ್ಯಾಮೆರಾ ನಂದೇ, ಮಾವ.